ಲಾಗಿನ್ ಆದವರನ್ನೇ ಮತ್ತೆ ಲಾಗಿನ್ ಕೇಳುವ ಜಾಲತಾಣ

ಒಂದೇ ಖಾತೆಯಿಂದ ಹಲವು ಜಾಲತಾಣಗಳನ್ನು ಪ್ರವೇಶಿಸುವ ವ್ಯವಸ್ಥೆಗೆ ಸಿಂಗಲ್ ಸೈನ್ ಆನ್ ಎಂದು ಹೆಸರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದಲ್ಲಿ ಯಾರಾದರೂ ಸೇವಾ ಸಿಂಧುವಿನಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳಲು ಹೊರಟರೆ ಆ ತಾಣ ಅವರನ್ನು ಡಿಜಿಲಾಕರ್‌ಗೆ ಕಳುಹಿಸುತ್ತದೆ. ಗುರುತು ಅಲ್ಲಿ ಖಚಿತವಾದ ಮೇಲೆ ಅವರು ಸೇವಾ ಸಿಂಧುವಿಗೆ ಹಿಂದಿರುಗುತ್ತಾರೆ. ಡಿಜಿಲಾಕರ್, ಜನಪರಿಚಯ್, ಇ-ಪ್ರಮಾಣ್ ಮೂರನ್ನೂ ಬೆಸೆದು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ‘ಮೇರಿ ಪೆಹಚಾನ್’ ಎಂಬ ಸಿಂಗಲ್ ಸೈನ್ ಆನ್ ಸೇವೆ ಆರಂಭಿಸಿತು.

ಇಲ್ಲಿ ಗುರುತು ದೃಢಪಡಿಸುವ ತಾಣ ಒಂದು, ಸೇವೆ ಕೊಡುವ ತಾಣ ಇನ್ನೊಂದು. ಎರಡನೆಯದು ಬಳಕೆದಾರರ ಪಾಸ್‌ವರ್ಡನ್ನು ನೋಡುವುದೇ ಇಲ್ಲ. ಮೊದಲನೆಯದು ಸಹಿ ಹಾಕಿ ಕಳಿಸಿದ ಸಂದೇಶವನ್ನಷ್ಟೇ ನಂಬುತ್ತದೆ. ಆ ಸಂದೇಶ ಹೇಗಿರಬೇಕೆಂದು 2005ರ ಸ್ಯಾಮ್ಲ್ 2.0, 2014ರ ಓಪನ್‌ಐಡಿ ಕನೆಕ್ಟ್ ಎಂಬ ಮಾನಕಗಳು ಹೇಳುತ್ತವೆ. ಆದ್ದರಿಂದ ಲಾಗಿನ್ ವಿಫಲವಾದೊಡನೆ ಪಾಸ್‌ವರ್ಡ್ ಬದಲಾಯಿಸುವುದು ಬಹುಪಾಲು ವ್ಯರ್ಥ ಶ್ರಮ. ಕೆಡುವುದು ಹೆಚ್ಚಾಗಿ ಮರಳಿ ಬರುವ ದಾರಿ.

ದೊಡ್ಡ ಸರ್ಕಾರಿ ತಾಣಗಳಿಗೆ ತಮ್ಮದೇ ಸರ್ವರ್‌ಗಳಿರುತ್ತವೆ. ಇದೇ ವ್ಯವಸ್ಥೆ ಅಳವಡಿಸಿಕೊಳ್ಳುವ ಕೊಟ್ಟೂರು, ಹಡಗಲಿಯಂಥ ಊರಿನ ಕಾಲೇಜಿಗೋ ಸಹಕಾರ ಸಂಘಕ್ಕೋ ಕೈಗೆಟುಕುವುದು ಹಂಚಿಕೆಯ ಹೋಸ್ಟಿಂಗ್, ಅಂದರೆ ಒಂದೇ ಸರ್ವರ್‌ನಲ್ಲಿ ನೂರಾರು ತಾಣಗಳು. ಅದೊಂದು ವಠಾರ: ಬಾಡಿಗೆ ಕಡಿಮೆ, ಬಾವಿ ಎಲ್ಲರದು, ಬೀಗದ ಕೈ ಮಾತ್ರ ಮಾಲೀಕರ ಬಳಿ.

ದೋಷ ಹುಡುಕುವಾಗ ಮೊದಲು ನೋಡಬೇಕಾದ್ದು, ಬಳಕೆದಾರರು ಎಲ್ಲಿಗೆ ಬಂದು ನಿಂತಿದ್ದಾರೆ ಎಂಬುದನ್ನು. ಗುರುತು ದೃಢಪಡಿಸುವ ತಾಣದಲ್ಲೇ ತಡೆಯಾದರೆ ಮರಳುವ ವಿಳಾಸ ಹೊಂದದಿರುವುದು ಕಾರಣವಿರಬಹುದು. ನೋಂದಾಯಿಸಿದ ವಿಳಾಸಕ್ಕೂ ಈಗಿನದಕ್ಕೂ ಒಂದು ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಅಥವಾ ಕೊನೆಯ ಒಂದು ಓರೆಗೆರೆ ವ್ಯತ್ಯಾಸವಾದರೂ ಸಾಕು. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾದ ಮರುದಿನ ಬರುವ ದೂರುಗಳಿಗೆ ಸಾಮಾನ್ಯವಾಗಿ ಇದೇ ಕಾರಣ.

ಹೆಚ್ಚು ತಲೆ ತಿನ್ನುವುದು ಲಾಗಿನ್ ಆಗಿ ಬಂದವರನ್ನೇ ಮತ್ತೆ ಲಾಗಿನ್‌ಗೆ ಅಟ್ಟುವ ಸುತ್ತಾಟ. ಬಳಕೆದಾರರನ್ನು ಕಳುಹಿಸುವಾಗ ತಾಣ ಒಂದು ಕುಕಿ ಇಟ್ಟಿರುತ್ತದೆ, ಅವರು ಮರಳಿದಾಗ ಅದರಿಂದಲೇ ಗುರುತು ಹಿಡಿಯುತ್ತದೆ. 2020ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 80ರಿಂದ ಆ ಬ್ರೌಸರ್, ‘ಸೇಮ್‌ಸೈಟ್’ ಗುರುತಿಲ್ಲದ ಕುಕಿಗಳನ್ನು ಬೇರೆ ತಾಣದಿಂದ ಬರುವ ಪೋಸ್ಟ್ ಕೋರಿಕೆಯ ಜೊತೆ ಬಿಡದಂತೆ ನಿಯಮ ಬಿಗಿ ಮಾಡಿತು. ಸ್ಯಾಮ್ಲ್ ಸಂದೇಶ ಸಾಮಾನ್ಯವಾಗಿ ಬರುವುದೇ ಪೋಸ್ಟ್ ಮೂಲಕ. ಹೊಸ ಕುಕಿಗೆ ಎರಡು ನಿಮಿಷದ ರಿಯಾಯಿತಿ ಇದೆ. ಹಾಗಾಗಿ ಬೇಗ ಲಾಗಿನ್ ಆದವರು ಒಳಗೆ ಹೋಗುತ್ತಾರೆ, ಸಿಗ್ನಲ್ ಸಿಗದೆ ಒಟಿಪಿಗಾಗಿ ಕಾದವರು ಹೊರಗುಳಿಯುತ್ತಾರೆ. ಪರೀಕ್ಷಿಸುವವರ ಕಚೇರಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ! ಕುಕಿಗೆ ‘ಸೇಮ್‌ಸೈಟ್ ನನ್’ ಮತ್ತು ‘ಸೆಕ್ಯೂರ್’ ಎರಡನ್ನೂ ಹಚ್ಚುವುದು ಇದಕ್ಕೆ ಪರಿಹಾರ.

ಇದೇ ಸುತ್ತಾಟಕ್ಕೆ ವಠಾರದ ಕಾರಣವೂ ಒಂದಿದೆ. ತಾಣಗಳನ್ನು ನಡೆಸುವ ಪಿಎಚ್‌ಪಿ ಭಾಷೆ, ಲಾಗಿನ್ ನೆನಪಿಡುವ ತನ್ನ ಸೆಷನ್ ಫೈಲುಗಳನ್ನು ಹಳೆಯವೆಂದು ಪರಿಗಣಿಸುವುದು ಮೂಲ ಹೊಂದಿಕೆಯಂತೆ 1440 ಸೆಕೆಂಡು, ಅಂದರೆ 24 ನಿಮಿಷಗಳ ಬಳಿಕ. ಹಲವು ತಾಣಗಳು ಒಂದೇ ಸೆಷನ್ ಫೋಲ್ಡರ್ ಬಳಸುತ್ತಿದ್ದರೆ, ಅತಿ ಕಡಿಮೆ ಅವಧಿ ಇಟ್ಟುಕೊಂಡ ತಾಣ ಎಲ್ಲರ ಫೈಲುಗಳನ್ನೂ ಗುಡಿಸಿಬಿಡುತ್ತದೆ. ತಾಣಕ್ಕೆ ಬೇರೆಯದೇ ಫೋಲ್ಡರ್ ಕೊಟ್ಟರೆ ಆ ಕಾಟ ತಪ್ಪುತ್ತದೆ. ಲಾಗಿನ್ ಪುಟ ಮತ್ತು ಮರಳುವ ಪುಟಗಳನ್ನು ಕ್ಯಾಶ್‌ನಿಂದ ಹೊರಗಿಡುವುದೂ ಅಗತ್ಯ.

403 ಅಥವಾ 406 ಎಂಬ ದೋಷದ ಸಂಖ್ಯೆ ಕಂಡರೆ ಸರ್ವರ್ ಕಾಯುವ ಮಾಡ್‌ಸೆಕ್ಯೂರಿಟಿ ತಂತ್ರಾಂಶದ ಮೇಲೆ ಅನುಮಾನ ಪಡಬಹುದು. ಉದ್ದನೆಯ ಸ್ಯಾಮ್ಲ್ ಸಂದೇಶವನ್ನು ಅದು ದಾಳಿಯೆಂದೇ ತಿಳಿಯುವುದುಂಟು. ತಡೆದ ನಿಯಮದ ಸಂಖ್ಯೆ ಲಾಗ್‌ನಲ್ಲಿರುತ್ತದೆ. ಅದೊಂದಕ್ಕೆ, ಆ ಒಂದು ವಿಳಾಸಕ್ಕಷ್ಟೇ ವಿನಾಯಿತಿ ಕೇಳಬೇಕು. ಇಡೀ ಕಾವಲನ್ನೇ ಆಫ್ ಮಾಡುವುದು ಅವಿವೇಕ. 500 ಬಂದರೆ ಪಿಎಚ್‌ಪಿ ಆವೃತ್ತಿ ಸರಿಯಿದೆಯೇ, ಅದರ ಓಪನ್‌ಎಸ್‌ಎಸ್‌ಎಲ್, ಕರ್ಲ್ ವಿಸ್ತರಣೆಗಳು ಇವೆಯೇ ಎಂದು ನೋಡಿದರಾಯಿತು.

ಸ್ಯಾಮ್ಲ್ ಸಂದೇಶಕ್ಕೆ ಕೆಲವೇ ನಿಮಿಷಗಳ ಆಯುಷ್ಯ, ಅದೂ ಜಾಗತಿಕ ಕಾಲಮಾನದಲ್ಲಿ. ಸರ್ವರ್ ಗಡಿಯಾರ ಹಿಂದೆ ಬಿದ್ದರೆ ಸಂದೇಶ ‘ಇನ್ನೂ ಜಾರಿಗೆ ಬಂದಿಲ್ಲ’, ಮುಂದೆ ಓಡಿದರೆ ‘ಅವಧಿ ಮುಗಿದಿದೆ’. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆಯಿದ್ದರೆ ಯಾರೋ ಭಾರತೀಯ ಸಮಯವನ್ನೇ ಜಾಗತಿಕ ಸಮಯವೆಂದು ನಮೂದಿಸಿದ್ದಾರೆ. ಗಡಿಯಾರ ಬಾಡಿಗೆದಾರರ ಕೈಯಲ್ಲಿಲ್ಲ, ಹೋಸ್ಟಿಂಗ್ ಸಂಸ್ಥೆಯೇ ತಿದ್ದಬೇಕು.

ನಿನ್ನೆಯವರೆಗೆ ನಡೆದದ್ದು ಇಂದು ಎಲ್ಲರಿಗೂ ಒಟ್ಟಿಗೆ ನಿಂತರೆ ಸಹಿಯ ಪ್ರಮಾಣಪತ್ರ ಬದಲಾಗಿರಬಹುದು. ಅದರ ವಿವರವಿರುವ ಹೊಸ ಮೆಟಾಡೇಟಾ ಫೈಲನ್ನು ಗುರುತು ದೃಢಪಡಿಸುವ ತಾಣದಿಂದ ತರಿಸಿಕೊಳ್ಳಬೇಕು. 2021ರ ಸೆಪ್ಟೆಂಬರ್ 30ರಂದು, ತಾಣಗಳಿಗೆ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ಹಳೆಯ ಓಪನ್‌ಎಸ್‌ಎಸ್‌ಎಲ್ ಇದ್ದ ಸರ್ವರ್‌ಗಳು ಹೀಗೆಯೇ ಏಕಾಏಕಿ ಅದರ ಪ್ರಮಾಣಪತ್ರವಿದ್ದ ಹೊರಗಿನ ತಾಣಗಳನ್ನು ನಂಬದಾದವು.

ಹೋಸ್ಟಿಂಗ್ ಸಂಸ್ಥೆಗೆ ದೂರು ಬರೆಯುವಾಗ ತಪ್ಪು ನಡೆದ ಗಳಿಗೆ, ಪುಟದ ವಿಳಾಸ, ದೋಷದ ಸಂಖ್ಯೆ ಕೊಟ್ಟರೆ ಲಾಗ್‌ನಲ್ಲಿ ಹುಡುಕುವುದು ಸುಲಭ. ಬ್ರೌಸರ್‌ನ ನೆಟ್‌ವರ್ಕ್ ದಾಖಲೆಯನ್ನು ಲಗತ್ತಿಸುವುದಾದರೆ ಅದರೊಳಗಿನ ಕುಕಿ, ಟೋಕನ್‌ಗಳನ್ನು ಮೊದಲು ಅಳಿಸಬೇಕು. ಅವು ಇನ್ನೂ ಚಾಲ್ತಿಯಲ್ಲಿದ್ದರೆ ಆ ಫೈಲು ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ಖಾತೆಯೊಳಗೆ ಹೋಗಬಹುದು.