ಅಂಗಳದ ಲೋಳೆಸರ, ಕೆಚ್ಚಲಿಗೆ ಆಸರೆ

ಬಂಗಾರಪೇಟೆ, ಕೆಜಿಎಫ್ ಕಡೆಯ ಹೈನುಗಾರ ಬಾಂಧವರಿಗೆ ಕೆಚ್ಚಲು ಬಾವಿನ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಕೆಚ್ಚಲಿನ ಒಂದು ಭಾಗ ಗಟ್ಟಿಯಾದರೆ ಹಾಲು ಇಳಿಯುತ್ತದೆ. ಆಂಟಿಬಯಾಟಿಕ್ ಕೊಡಿಸಿದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ.

ರೋಗದ ಆರಂಭದಲ್ಲೇ ಮನೆಯಂಗಳದ ಲೋಳೆಸರ ನೆರವಿಗೆ ಬರಬಹುದು. ಅದರ ಲೋಳೆಯಲ್ಲಿ ಅಸಿಮ್ಯಾನನ್ ಎಂಬ ಪಾಲಿಸ್ಯಾಕರೈಡ್ ಇದೆ. ಪಾಲಿಸ್ಯಾಕರೈಡ್ ಎಂದರೆ ಸಕ್ಕರೆ ಕಣಗಳ ಉದ್ದನೆಯ ಸರಪಳಿ. ಅದನ್ನು ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ರೋಗಾಣುಗಳನ್ನು ನುಂಗುವ ರಕ್ಷಕ ಕಣಗಳು ಚುರುಕಾದದ್ದು ಕಂಡುಬಂದಿದೆ. ಅಮೃತಬಳ್ಳಿಯಲ್ಲೂ ಇಂಥ ಸರಪಳಿಗಳಿವೆ.

ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡಿರುವ ಲೇಪ ಹೀಗಿದೆ: ಮುಳ್ಳು ತೆಗೆದ ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ಸೇರಿಸಿ ನುಣ್ಣಗೆ ರುಬ್ಬಿ. ಹಾಲನ್ನು ಪೂರ್ತಿ ಹಿಂಡಿ ತೆಗೆದು ಕೆಚ್ಚಲು ತೊಳೆಯಿರಿ. ಹಿಡಿಯಷ್ಟು ಲೇಪಕ್ಕೆ ನೀರು ಬೆರೆಸಿ ತೆಳುವಾಗಿಸಿ ಕೆಚ್ಚಲಿಗೆಲ್ಲ ಹಚ್ಚಿ. ದಿನಕ್ಕೆ 8–10 ಸಲದಂತೆ 5 ದಿನ ಮಾಡಿ. ಎಲೆ ಕೊಯ್ದು ಹೊತ್ತಾದಷ್ಟೂ, ಬಿಸಿ ತಾಗಿದಷ್ಟೂ ಸರಪಳಿ ತುಂಡಾಗುತ್ತದೆ. ಆದ್ದರಿಂದ ಲೇಪವನ್ನು ದಿನವೂ ಹೊಸದಾಗಿ ರುಬ್ಬಿಕೊಳ್ಳಿ, ಕಾಯಿಸಬೇಡಿ.

ಗುಣ ಕಂಡರೆ ಅದು ಅಸಿಮ್ಯಾನನ್ ಒಂದರ ಕೆಲಸವೆಂದು ತಿಳಿಯಬೇಡಿ. ಅರಿಶಿನ, ಸುಣ್ಣ, ಹಾಲು ಹಿಂಡಿ ತೆಗೆಯುವುದು ಎಲ್ಲವೂ ಸೇರಿವೆ. ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ, ಹಾಲಿನಲ್ಲಿ ರಕ್ತ ಕಂಡರೆ ಲೇಪವನ್ನೇ ನಂಬಿ ಕಾಯದೆ ಕೂಡಲೇ ಪಶುವೈದ್ಯರನ್ನು ಕರೆಸಿ. ಬಾವಿರುವ ಕೆಚ್ಚಲಿನ ಹಾಲನ್ನು ಕ್ಯಾನಿಗೆ ಸೇರಿಸಬೇಡಿ. ಒಂದು ಮನೆಯ ಹಾಲು ಊರಿನ ಹಾಲನ್ನೆಲ್ಲ ಕೆಡಿಸೀತು.