ಮೊದಲ ಹಿಮ ನೋಡಲು ಹೊರಟಿದ್ದೀರಾ? ಹಿಮಕುಸಿತದ ಬಗ್ಗೆ ಇಷ್ಟು ತಿಳಿದಿರಲಿ

ಡಿಸೆಂಬರ್ ಬಂತೆಂದರೆ ದಿಲ್ಲಿ, ಪುಣೆ, ಮುಂಬಯಿಯ ನಮ್ಮ ಮನೆಗಳಲ್ಲಿ ಮಕ್ಕಳದು ಒಂದೇ ಹಟ: ಮನಾಲಿಗೋ ಗುಲ್ಮಾರ್ಗಿಗೋ ಹೋಗಿ ಹಿಮ ನೋಡಬೇಕು. ಖಂಡಿತ ಹೋಗಿ ಬನ್ನಿ. ಆದರೆ ಜನ ಓಡಾಡುವ ಜಾಗ ಬಿಟ್ಟು ಮೇಲಿನ ಇಳಿಜಾರಿಗೆ ಟ್ರೆಕ್ಕಿಂಗ್, ಸ್ಕೀಯಿಂಗ್ ಎಂದು ಹೊರಡುವ ಹುಡುಗರು ಮನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿಸಿ.

ನಮ್ಮ ಪತ್ರಿಕೆಗಳು ಹಿಮ ಸುರಿದರೂ ‘ಹಿಮಪಾತ’ ಎನ್ನುತ್ತವೆ, ಹಿಮರಾಶಿ ಕುಸಿದರೂ ‘ಹಿಮಪಾತ’ ಎನ್ನುತ್ತವೆ. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ.

ಚಳಿಗಾಲದ ಶುರುವಿನಲ್ಲಿ ಹಿಮ ತೆಳ್ಳಗಿರುತ್ತದೆ, ಅಪಾಯವೂ ಕಡಿಮೆ ಎಂದುಕೊಳ್ಳುತ್ತೇವೆ. ತೊಂದರೆ ಹುಟ್ಟುವುದೇ ಅಲ್ಲಿ. ನೆಲದಲ್ಲಿ ಇನ್ನೂ ಒಂದಿಷ್ಟು ಶಾಖ ಉಳಿದಿರುತ್ತದೆ, ಮೇಲೆ ರಾತ್ರಿಯ ಗಾಳಿ ಕೊರೆಯುತ್ತದೆ. ನಡುವಿನ ತೆಳು ಹಿಮದೊಳಗೆ ಆವಿ ಮೇಲೇರಿ, ಹರಳುಗಳು ದಪ್ಪ ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ, ಹುರಿದ ರವೆಯ ಹಾಗೆ ಉದುರುತ್ತದೆ. ಅದರ ಮೇಲೆ ಜೋರಾಗಿ ಹೊಸ ಹಿಮ ಬಿದ್ದು, ಗಾಳಿಗೆ ಗಟ್ಟಿಯಾಗಿ ಕೂತರೆ ರವೆಯ ಮೇಲೆ ಕಲ್ಲುಚಪ್ಪಡಿ ಇಟ್ಟಂತೆ. ಒಬ್ಬರು ಕಾಲಿಟ್ಟರೂ ಇಡೀ ಚಪ್ಪಡಿ ಕಳಚಿ ಜಾರಬಹುದು. ಹೆಚ್ಚಾಗಿ ಹೀಗಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ದೊಡ್ಡ ಹಿಮ ಬಿದ್ದ ಮೊದಲ ಒಂದೆರಡು ದಿನ ಅತ್ತ ಹೋಗಲೇಬೇಡಿ. ಆಕಾಶ ನೀಲಿಯಾಗಿ ಹೊಳೆಯುತ್ತಿದ್ದರೂ ಅಷ್ಟೇ. ಕಾಲಡಿ ‘ಧುಪ್’ ಎಂದು ಕುಸಿದ ಸದ್ದು ಬಂದರೆ, ಹಿಮದಲ್ಲಿ ಬಿರುಕು ಓಡಿದರೆ ತಕ್ಷಣ ಹಿಂದಿರುಗಿ.

ರಸ್ತೆಯಲ್ಲೇ ಇದ್ದೇವೆ, ನಮಗೇನು ಎನ್ನಬೇಡಿ. 2023ರ ಏಪ್ರಿಲ್‌ನಲ್ಲಿ ಸಿಕ್ಕಿಂನ ನಾಥೂ ಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಸತ್ತದ್ದು ಹಿಮಕುಸಿತದಿಂದಲೇ.

ಹೂತುಹೋದವರು ಬಹುಪಾಲು ಸಾಯುವುದು ಚಳಿಯಿಂದಲ್ಲ, ಉಸಿರುಕಟ್ಟಿ. ಸುಮಾರು 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಅರ್ಧ ಗಂಟೆಯಾದರೆ ಮೂರರಲ್ಲಿ ಒಬ್ಬರು. 2016ರಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿದ್ದು ಎಲ್ಲರಿಗೂ ನೆನಪಿದೆ. ಅದು ಅಪರೂಪದಲ್ಲಿ ಅಪರೂಪ. ಅವರನ್ನೂ ಉಳಿಸಿಕೊಳ್ಳಲಾಗಲಿಲ್ಲ, ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಹಾಗಾಗಿ ಸಹಾಯ ಕೆಳಗಿನಿಂದ ಬರಲಿ ಎಂದು ಕಾಯುವಂತಿಲ್ಲ, ಜೊತೆಯವರೇ ಅಗೆಯಬೇಕು. ಪ್ರತಿಯೊಬ್ಬರ ಬಳಿಯೂ ಸಂಕೇತ ಕಳಿಸುವ ಟ್ರಾನ್ಸೀವರ್, ಚುಚ್ಚಿ ಹುಡುಕುವ ಉದ್ದ ಕೋಲು, ಸಲಿಕೆ ಇರಬೇಕು. ಒಬ್ಬರ ಬಳಿ ಇದ್ದರೆ ಸಾಲದು, ಅವರೇ ಹೂತುಹೋದರೆ? ಟೂರ್‌ನವರನ್ನು ದುಡ್ಡು ಕಟ್ಟುವ ಮೊದಲೇ ಕೇಳಿ. ಮುಖ ಕಂಡೊಡನೆ ಬಾಯಿ, ಮೂಗಿನ ಹಿಮ ತೆಗೆಯಿರಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ನಾಡಿಯೂ ಇಲ್ಲದಿದ್ದರೆ ಎದೆ ಒತ್ತಿ. ಆಮೇಲೆ ಒದ್ದೆ ಬಟ್ಟೆ ಬದಲಿಸಿ ಕಂಬಳಿ ಹೊದಿಸಿ. ಕೈಕಾಲು ಉಜ್ಜಬೇಡಿ. ಬ್ರಾಂದಿ ಬೇಡವೇ ಬೇಡ, ಅದು ಮೈಯ ಶಾಖವನ್ನು ಇನ್ನಷ್ಟು ಕಳೆಯುತ್ತದೆ.

ಚಂಡೀಗಢದ ಡಿಜಿಆರ್‌ಇ ಸಂಸ್ಥೆ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಹೊರಡುವ ಬೆಳಿಗ್ಗೆ ಅದನ್ನು ನೋಡಿ. ತುರ್ತಿಗೆ 112.

ಈ ರಜೆಗೆ ಹಿಮದ ಕಡೆ ಹೊರಟ ನೆಂಟರಿದ್ದರೆ ಅವರಿಗೂ ಕಳಿಸಿ.