ನಿಂತ ಇಂಜಿನ್ನಿಗೆ ಮೂರು ಪ್ರಶ್ನೆ

ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆ ಮುಂಗಾರು ಒಂದೆರಡು ಸಲ ಚೆನ್ನಾಗಿ ಸುರಿಯಿತೆಂದರೆ ಉಳ್ಳಾಗಡ್ಡಿ, ಮೆಣಸಿನಗಿಡದ ಸಾಲುಗಳ ನಡುವೆ ಬೆಳೆಗಿಂತ ಮೊದಲು ಕಸವೇ ಎದ್ದು ನಿಲ್ಲುತ್ತದೆ. ಹಿಂದೆ ಎತ್ತು ಹೂಡಿ ಎಡೆಕುಂಟೆ ಹೊಡೆಯುತ್ತಿದ್ದರು. ಎತ್ತು ಕಟ್ಟದ ಎಷ್ಟೋ ಮನೆಗಳಿಗೆ ಈಗ ಕೈಯಲ್ಲಿ ಹಿಡಿದು ನಡೆಸುವ, ಕಸ ತೆಗೆಯುವ ಸಣ್ಣ ಯಂತ್ರ ಬಂದಿದೆ. ಟ್ರ್ಯಾಕ್ಟರಿನ ತಮ್ಮ ಅನ್ನಿ.

ಎರೆಹೊಲ ಹದಕ್ಕೆ ಬರುವುದು ಕೆಲವೇ ದಿನ. ಹಸಿಯಿದ್ದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ಆ ದಿನಗಳಲ್ಲೇ ಇಂಜಿನ್ ಕೈಕೊಟ್ಟರೆ? ಸಾಲ ಮಾಡಿ ತಂದ ಯಂತ್ರ ನಿಂತರೂ ಕಂತು ನಿಲ್ಲುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನು ಬಹಳ ವರ್ಷ ಕಂಡ ಮಾತಿದು.

ಸಂಜೆ ಲೆಕ್ಕ ತಾಳೆಯಾಗದಿದ್ದರೆ ಬ್ಯಾಂಕಿನಲ್ಲಿ ಎಲ್ಲ ಲೆಡ್ಜರು ಹರವಿಕೊಂಡು ಕೂರುವುದಿಲ್ಲ. ಒಂದೊಂದೇ ಚೀಟಿ ಕ್ರಮವಾಗಿ ನೋಡುತ್ತ ಹೋಗುತ್ತೇವೆ. ಇಂಜಿನ್ನಿಗೂ ಅದೇ ಕ್ರಮ. ಸ್ಪ್ಯಾನರ್ ಹಿಡಿಯುವ ಮೊದಲು ಅದರ ಕೆಲಸ ತಿಳಿಯಬೇಕು.

ಮಕ್ಕಳೇ, ಈ ಪೆಟ್ರೋಲ್ ಇಂಜಿನ್ನಿನ ಹೊಟ್ಟೆಯಲ್ಲಿ ಒಂದು ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇದೆ. ಅದಕ್ಕೆ ನಾಲ್ಕು ಕೆಲಸ. ಗಾಳಿ ಬೆರೆತ ಪೆಟ್ರೋಲನ್ನು ಒಳಗೆ ಎಳೆದುಕೊಳ್ಳುವುದು, ಅದನ್ನು ಒತ್ತುವುದು, ಕಿಡಿ ತಗಲಿ ಉರಿದಾಗ ಕೆಳಗೆ ತಳ್ಳಿಸಿಕೊಳ್ಳುವುದು, ಹೊಗೆಯನ್ನು ಹೊರಗೆ ಹಾಕುವುದು. 1876ರಲ್ಲಿ ಜರ್ಮನಿಯ ನಿಕೊಲಾಸ್ ಒಟ್ಟೊ ಈ ಕ್ರಮದ ಇಂಜಿನ್ನನ್ನು ಓಡಿಸಿ ತೋರಿಸಿದ. ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ ಎಷ್ಟು ಸಲ ಉರಿಯಿತು? ಲೆಕ್ಕ ಹಾಕಿ. 25 ಸಲ!

ಹಾಗಾದರೆ ಬೇಕಾದದ್ದು ಮೂರು: ಗಾಳಿ, ಪೆಟ್ರೋಲು, ಕಿಡಿ. ಇವನ್ನೇ ಒಂದೊಂದಾಗಿ ವಿಚಾರಿಸಬೇಕು. ಅದಕ್ಕೂ ಮೊದಲು ಸ್ವಿಚ್, ಪೆಟ್ರೋಲ್ ನಲ್ಲಿ, ಆಯಿಲ್ ಮಟ್ಟ ನೋಡಿ. ಆಯಿಲ್ ಇಳಿದರೆ ಚಾಲೂ ಆಗದ ಇಂಜಿನ್ನುಗಳೂ ಇವೆ. ಇಂಜಿನ್ ಆರಿದ ಮೇಲೆ, ಪ್ಲಗ್ಗಿನ ವಯರ್ ಕಳಚಿಯೇ ಮುಂದಿನ ಕೆಲಸ. ಇಲ್ಲದಿದ್ದರೆ ಬ್ಲೇಡ್ ಹಠಾತ್ತನೆ ತಿರುಗಿ ಬೆರಳಿಗೆ ಅಪಾಯ. ಹತ್ತಿರ ಬೀಡಿ, ಬೆಂಕಿ ಕೂಡದು. ಮಕ್ಕಳು ಒಬ್ಬರೇ ಕೈಹಾಕಬಾರದು. ಅಜ್ಜನೋ ಅಪ್ಪನೋ ಪಕ್ಕದಲ್ಲಿರಲಿ.

ಮೊದಲು ಗಾಳಿ. ನಮ್ಮ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣುಪು. ಅದು ಏರ್ ಫಿಲ್ಟರಿನಲ್ಲಿ ಕೂತು ಇಂಜಿನ್ನಿನ ಮೂಗು ಕಟ್ಟುತ್ತದೆ. ಸ್ಪಂಜಿನ ಫಿಲ್ಟರಾದರೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಇಂಜಿನ್ ಆಯಿಲ್ ಹಚ್ಚಿ ಹಿಂಡಿ ಕೂರಿಸಬೇಕು. ಕಾಗದದ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು.

ಪೆಟ್ರೋಲಿನ ಸಂಗತಿಯನ್ನು ಪ್ಲಗ್ಗೇ ಹೇಳುತ್ತದೆ. ಹತ್ತಾರು ಸಲ ಹಗ್ಗ ಎಳೆದ ಮೇಲೂ ಬಿಚ್ಚಿದ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಒಳಗೆ ಹೋಗುತ್ತಿಲ್ಲ ಎಂದರ್ಥ. ಹೋದ ವರ್ಷ ಉಳಿದ ಪೆಟ್ರೋಲು ಕಾರ್ಬೊರೇಟರಿನಲ್ಲಿ ಅಂಟಾಗಿ ಕೂತು, ಜೆಟ್ಟಿನ ಸಣ್ಣ ತೂತು ಮುಚ್ಚಿರಬಹುದು. ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಕಿಡಿಯ ಮೇಲೆ ಅನುಮಾನ. ತುದಿ ಕಾಡಿಗೆಯಂತೆ ಕಪ್ಪಾಗಿದ್ದರೆ ಗಾಳಿ ಸಾಲದಿರಬಹುದು.

ಇನ್ನು ಕಿಡಿ. ಪ್ಲಗ್ಗಿನ ತುದಿಯನ್ನು ಬ್ರಷ್ಷಿನಿಂದ ಉಜ್ಜಿ ಒರೆಸಿ. ತುದಿಗಳ ನಡುವಿನ ಸಂದು ಸಾಮಾನ್ಯವಾಗಿ 0.7 ಮಿಲಿಮೀಟರ್, ನಿಮ್ಮ ಯಂತ್ರದ ಪುಸ್ತಕದಲ್ಲಿ ಬರೆದಷ್ಟೇ ಇಡಬೇಕು. ಕಿಡಿ ಹಾರಿಸಿ ನೋಡುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ, ಸುತ್ತ ಪೆಟ್ರೋಲಿನ ಆವಿ ಇರುತ್ತದೆ.

ಮೂರೂ ಸರಿಯಿದ್ದು, ಹಗ್ಗ ಎಳೆದಾಗ ಎದುರೊತ್ತಡವೇ ಇಲ್ಲದೆ ಸಡಿಲ ಬರುತ್ತಿದ್ದರೆ ವಾಲ್ವ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ಅದು ಗ್ಯಾರೇಜಿನ ಕೆಲಸ. ಆದರೆ "ಏನೋ ಕೆಟ್ಟಿದೆ, ನೋಡ್ರಿ" ಎನ್ನುವವನಿಗೂ, "ಫಿಲ್ಟರ್ ತೊಳೆದೀನ್ರಿ, ಪ್ಲಗ್ ಒದ್ದಿ ಐತಿ, ಹಗ್ಗ ಸಡಿಲ ಬರ್ತೈತಿ" ಎನ್ನುವವನಿಗೂ ಆಗುವ ಖರ್ಚಿನಲ್ಲಿ ವ್ಯತ್ಯಾಸವಿದೆ. ವೇಳೆಯೂ ಉಳಿಯುತ್ತದೆ.

ಹಂಗಾಮು ಮುಗಿದಾಗ ಟ್ಯಾಂಕ್ ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರುವವರೆಗೆ ಬಯಲಿನಲ್ಲಿ ಇಂಜಿನ್ ಓಡಿಸಿ ನಿಲ್ಲಿಸಿ. ಮುಚ್ಚಿದ ಕೋಣೆಯಲ್ಲಿ ಬೇಡ, ಹೊಗೆಯಲ್ಲಿ ವಿಷವಿದೆ. ಆಯಿಲ್ ಬದಲಿಸಿದ ದಿನಾಂಕವನ್ನು ಮೊಮ್ಮಕ್ಕಳ ಕೈಯಿಂದ ಒಂದು ನೋಟುಬುಕ್ಕಿನಲ್ಲಿ ಬರೆಸಿ. ಮುಂದಿನ ಮುಂಗಾರಿಗೆ ಮೊದಲು ತೆರೆಯಬೇಕಾದದ್ದು ಆ ನೋಟುಬುಕ್ಕೇ.